ಚೀಟಿಯಲ್ಲಿ ಬಂದ ಬಂಗಾಳ

ನಮ್ಮ ಅಮೃತಾಳ ಚೀಟಿಯಲ್ಲಿ ಗೋವಾ ಬಂದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಆರು ಮನೆಯವರು ಗೋವಾಕ್ಕೆ ದುಡಿಯಲು ಹೋಗಿ ಬಂದಿದ್ದಾರೆ. ಅಲ್ಲಿಯ ಮೀನಿನ ವಾಸನೆಯಿಂದ ಹಿಡಿದು ಪೊಲೀಸರ ಟೋಪಿಯ ತನಕ ಯಾರನ್ನು ಕೇಳಿದರೂ ಹೇಳುತ್ತಾರೆ. ಮಹಾರಾಷ್ಟ್ರ ಬಂದಿದ್ದರೂ ನಡೆಯುತ್ತಿತ್ತು. ತೆಲಂಗಾಣವಾದರೆ ಇನ್ನೂ ಸಸಾರ, ಗುರುಮಠಕಲ್ ದಾಟಿದರೆ ಅದೇ. ಆದರೆ ಬಸವಂತ್ರಾಯ ಸರ್ ಐದನೆಯ ತರಗತಿಯ ಮಕ್ಕಳ ಮುಂದೆ ಚಾಕ್‌ಪೀಸಿನ ಡಬ್ಬಿಯಲ್ಲಿ ರಾಜ್ಯಗಳ ಚೀಟಿ ಹಾಕಿ ಅಲುಗಾಡಿಸಿ ಹಿಡಿದಾಗ, ನಮ್ಮ ಹುಡುಗಿ ಕಣ್ಣು ಮುಚ್ಚಿ, ಎಲ್ಲರಿಗಿಂತ ಆಳಕ್ಕೆ ಕೈ ಹಾಕಿ ತೆಗೆದದ್ದು ಪಶ್ಚಿಮ ಬಂಗಾಳ.

ಆ ಸಂಜೆ ನಾನು ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆಯುತ್ತಿದ್ದೆ. ಆಕೆ ಬಚ್ಚಲ ಕಲ್ಲಿನ ಹತ್ತಿರ ಬಂದು ನಿಂತಳು.

"ಅತ್ತಿ, ನನಗ ಬಂಗಾಳ ಬಂದೈತಿ," ಎಂದಳು, ಜ್ವರ ಬಂದಿದೆ ಎನ್ನುವ ಹಾಗೆ.

"ಬರ್ಲಿ. ನಾ ಏನ್ ಮಾಡ್ಲಿ?"

"ನೀ ನನ್ನ ಕೂಡ ಬರಬೇಕು."

"ಎಲ್ಲಿಗಿ, ಬಂಗಾಳಕ್ಕ?"

"ಕೆನಾಲ ದಂಡಿಗಿ."

ನನ್ನ ಕೈಯಲ್ಲಿದ್ದ ಚೆಂಬು ಅಲ್ಲಿಯೇ ನಿಂತಿತು. ಕೆನಾಲಿನ ದಂಡೆಯ ಮೇಲೆ, ವೆಂಕಟಪ್ಪ ಸಾಹುಕಾರರ ಗೊಬ್ಬರದ ಶೆಡ್ಡಿನಲ್ಲಿ, ಹದಿನಾಲ್ಕು ಮಂದಿ ಗಂಡಸರು ಇಪ್ಪತ್ತು ದಿನದಿಂದ ಬೀಡುಬಿಟ್ಟಿದ್ದರು. ಭತ್ತ ನಾಟಿ ಮಾಡಲು ಬಂದವರು. ಬಂಗಾಳದವರು.

ಆಕೆ ಹಾಳೆ ಮುಂದೆ ಹಿಡಿದಳು. ಹತ್ತು ಪ್ರಶ್ನೆಗಳಿದ್ದವು. ರಾಜಧಾನಿ, ಭಾಷೆ, ಬೆಳೆ, ಊಟ, ಉಡುಪು, ನದಿ, ಹಬ್ಬ, ಹೀಗೆ. ಒಂಬತ್ತನೆಯದು ಆ ರಾಜ್ಯದ ಒಂದು ಹಾಡು. ಹತ್ತನೆಯದು ನಮ್ಮೂರಿಗೂ ಆ ರಾಜ್ಯಕ್ಕೂ ಇರುವ ಸಂಬಂಧ. ಕೆಳಗೆ ಎರಡು ಗೆರೆ: ಮಾಹಿತಿ ಕೊಟ್ಟವರ ಹೆಸರು ಮತ್ತು ಸಹಿ, ಮಗುವಿನ ಜೊತೆ ಹೋದ ಮನೆಯ ಹಿರಿಯರ ಹೆಸರು ಮತ್ತು ಸಹಿ. ಹೋದ ವರ್ಷ ಮಕ್ಕಳೆಲ್ಲ ಶಹಾಪುರದ ಒಂದೇ ಝೆರಾಕ್ಸ್ ಅಂಗಡಿಯಿಂದ ಚಿತ್ರ ತಂದು ಅಂಟಿಸಿದ್ದರಂತೆ. ನಾಲ್ಕು ರಾಜ್ಯಗಳಲ್ಲಿ ತಾಜಮಹಲ್ ಇತ್ತಂತೆ. ಅದಕ್ಕೇ ಈ ವರ್ಷ ಸರ್ ಹೊಸ ಕಾಯಿದೆ ಮಾಡಿದ್ದರು: ಫೋನಿನಲ್ಲಿ ನೋಡಿ ಬರೆಯುವ ಹಾಗಿಲ್ಲ, ಒಬ್ಬ ಮನುಷ್ಯನನ್ನು ಕೇಳಿ ಬರೆಯಬೇಕು.

ಸರ್ ಒಳ್ಳೆಯವರು. ಯಾದಗಿರಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಾರೆ. ಆದರೆ ಆ ಎರಡು ಬಸ್ಸಿನಲ್ಲಿ ಕುಳಿತು ಇಂಥದ್ದನ್ನೇ ಯೋಚಿಸುತ್ತಾರೆ ಎಂದು ಕಾಣುತ್ತದೆ.

"ನಿಮ್ಮಪ್ಪಗ ಹೇಳು," ಎಂದೆ.

"ಅಪ್ಪ ಟಂಟಂ ಬಿಟ್ಟ ಬರಂಗಿಲ್ಲ ಅಂದಾನ."

"ನಿಮ್ಮವ್ವಗ ಹೇಳು."

ಒಲೆಯ ಮುಂದಿನಿಂದ ವೈನಿಯ ದನಿ ಬಂತು. ವೈನಿ ಯಂಕಮ್ಮ, ಅಣ್ಣನ ಹೆಂಡತಿ, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಅಲ್ಲಿ ಇಡೀ ದಿನ ಮಕ್ಕಳಿಗೆ ಕೂಗಿ ಕೂಗಿ, ಮನೆಯಲ್ಲಿಯೂ ಅದೇ ಎತ್ತರದಲ್ಲಿ ಮಾತಾಡುತ್ತಾಳೆ. "ನಾ ಸಾಲಿ ಮೆಟ್ಟಲಾನೂ ಹತ್ತಿಲ್ಲ. ಈಗ ಅದೇ ಸಾಲ್ಯಾಗ ಅಡಗಿ ಮಾಡಾಕತ್ತೇನಿ. ನೀ ಏಳನೇತ್ತಾ ಓದಾಕಿ. ನಿನಗ ತುರಕ ಮಾತೂ ಬರ್ತೈತಿ. ನೀ ಹೋಗಬೇಕು."

"ಏಳನೇತ್ತಾ ಅರ್ಧ," ಎಂದೆ.

"ನಮ್ಮ ಮನ್ಯಾಗ ಅದೇ ಭಾಳ."

"ಹಣಮಕ್ಕಗ ಗೊತ್ತಾದ್ರ?"

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಹಣಮಮ್ಮ ನಮ್ಮ ನಾಟಿ ಗ್ಯಾಂಗಿನ ಮುಂದಾಳು. ಹದಿನೆಂಟು ಹೆಂಗಸರು ನಾವು. ಕೆನಾಲಿಗೆ ನೀರು ಬಿಟ್ಟರೆಂದರೆ ಎರಡು ತಿಂಗಳು ದೋರನಹಳ್ಳಿಯ ಸುತ್ತಿನ ಗದ್ದೆಗಳಲ್ಲೆಲ್ಲ ನಾವೇ ಬಗ್ಗಬೇಕಿತ್ತು. ಈ ವರ್ಷ ವೆಂಕಟಪ್ಪ ಸಾಹುಕಾರರು ತಮ್ಮ ಹೊಲದಲ್ಲಿ ಅರ್ಧವನ್ನು ಬಂಗಾಳದವರಿಗೆ ಕೊಟ್ಟರು. ಅವರು ಬೇಗ ಸಸಿ ಹಚ್ಚುತ್ತಾರಂತೆ, ಕಿರಿಕಿರಿ ಇಲ್ಲವಂತೆ. ಆ ದಿನ ಹಣಮಮ್ಮ ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿಗೆ ಬಿಸಾಕಿ, "ಅವರ ಕೂಡ ಮಾತಾಡಿದಾಕಿ ನಮ್ಮ ಸಾಲಿನ್ಯಾಗ ಬಗ್ಗಂಗಿಲ್ಲ," ಎಂದಿದ್ದಳು. ಸುಮ್ಮನೆ ಹೇಳುವವಳಲ್ಲ. ಶೆಡ್ಡಿಗೆ ಒಂದು ದಿನ ಹಾಲು ಮಾರಿದ್ದಕ್ಕೆ ಒಬ್ಬಾಕೆ ನಾಲ್ಕು ದಿನ ಮನೆಯಲ್ಲಿ ಕುಳಿತಿದ್ದಳು.

ನನಗೆ ಕೂಲಿಗಿಂತ ಇನ್ನೊಂದು ಹೆದರಿಕೆಯಿತ್ತು. ನಾಟಿಯಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ಬದುವಿನ ಪಕ್ಕದಲ್ಲಿ ನಿಂತವಳ ಸಾಲು ನೋಡಿಕೊಂಡು ಎರಡನೆಯವಳು ಹಚ್ಚುತ್ತಾಳೆ, ಎರಡನೆಯವಳದು ನೋಡಿ ಮೂರನೆಯವಳು. ಬದುವಿನವಳು ಒಂದು ಗೇಣು ಸೊಟ್ಟ ಹೋದರೆ ಹದಿನೆಂಟನೆಯವಳ ಹತ್ತಿರ ಬರುವಷ್ಟರಲ್ಲಿ ಗದ್ದೆಯೇ ಡೊಂಕಾಗಿರುತ್ತದೆ. ಆರು ವರ್ಷ ನಡುವೆ ಬಗ್ಗಿದ ಮೇಲೆ ಈ ವರ್ಷ ಹಣಮಮ್ಮ ನನ್ನನ್ನು ಬದುವಿಗೆ ನಿಲ್ಲಿಸಿದ್ದಳು. ಯಾಕೆಂದು ಹೇಳಲಿಲ್ಲ. "ನೀ ಆ ಕಡಿ ಹೋಗು," ಎಂದಳಷ್ಟೆ. ನನ್ನ ಮಾತು ಕಡಿಮೆ. ಸಾಲಿನಲ್ಲಿ ಎಲ್ಲರೂ ಹಾಡುವಾಗಲೂ ತುಟಿ ಮಾತ್ರ ಆಡಿಸುತ್ತಿದ್ದೆ. ಆದರೆ ನನ್ನ ಸಾಲು ನೆಟ್ಟಗಿತ್ತು, ಹದಿನೇಳು ಮಂದಿ ಅದನ್ನು ನೋಡಿ ಹೆಜ್ಜೆ ಇಡುತ್ತಿದ್ದರು. ಆ ಜಾಗವನ್ನು ಒಂದು ಚೀಟಿಗಾಗಿ ಕಳೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

ಮೊದಲು ಬೇರೆ ದಾರಿ ನೋಡಿದೆ. ಮರುದಿನ ಅಣ್ಣ ಅಂಬ್ರಪ್ಪನ ಟಂಟಂ ಆಟೋದಲ್ಲಿ ಅಮೃತಾಳನ್ನು ಕರೆದುಕೊಂಡು ದೋರನಹಳ್ಳಿಯ ಉಸ್ಮಾನಸಾಬರ ಅಂಗಡಿಗೆ ಹೋದೆ. ಚಾರ್ಟು, ಅಂಟು, ಬಣ್ಣದ ಪೆನ್ನು ಎಲ್ಲ ಅಲ್ಲಿ ಸಿಗುತ್ತದೆ.

"ಬಂಗಾಲ ಖತಂ," ಎಂದರು ಉಸ್ಮಾನಸಾಬರು, ಚಾರ್ಟಿನ ಸುರುಳಿಗಳನ್ನು ಹುಡುಕಿ. "ಅಸ್ಸಾಮ್ ಐತಿ, ತಗೊಂಡು ಹೋಗ್ರಿ. ಬಾಜೂಕೇ ಐತಿ."

"ಬಾಜೂಕ ಇದ್ರ ಅದೇ ಆಗ್ತೈತೇನು ಮಾಮಾ?" ಎಂದಳು ಅಮೃತಾ. "ಯಾದಗಿರಿ ಬಾಜೂಕ ರಾಯಚೂರ ಐತಿ. ರಾಯಚೂರಂದ್ರ ಯಾದಗಿರಿಯೇನು?"

"ಏ ಹುಡುಗಿ, ನಾ ಇಲ್ಲೇ ಕುಂತೀನಿ, ಜಿಲ್ಲಾ ಬದಲಾತು. ಮೊದಲ ಗುಲ್ಬರ್ಗಾದಾಗಿದ್ದೆ, ಈಗ ಯಾದಗಿರ್ಯಾಗದೀನಿ. ಅಂಗಡಿ ಒಂದ್ ಗೇಣ ಸರದಿಲ್ಲ. ನೀ ಅಸ್ಸಾಮಿಗಿ ಬಂಗಾಲ ಅಂತ ಬರಿ, ಯಾರು ಹೋಗಿ ನೋಡ್ತಾರ?"

"ಸಹಿ ಬೇಕ್ರಿ."

"ನಾ ಮಾಡ್ತೀನಿ ಕೊಡು."

ಪೆನ್ನು ತೆಗೆದೇಬಿಟ್ಟರು. ನನಗೆ ಒಂದು ಕ್ಷಣ ಆಸೆಯಾಯಿತು. ಆದರೆ ಅಮೃತಾ ಹಾಳೆಯನ್ನು ಬೆನ್ನ ಹಿಂದೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. "ಮಾಮಾ, ನೀವು ಬಂಗಾಳದಾಗ ಹುಟ್ಟೀರೇನು?" ಎಂದಳು. ಈ ಹುಡುಗಿಗೆ ಸುಳ್ಳು ಬರುವುದಿಲ್ಲ. ಬೇರೆ ಯಾವ ಮಗುವಿಗಾದರೂ ಬರುತ್ತದೆ, ಇವಳಿಗೆ ಬರುವುದಿಲ್ಲ. ದಾರಿಯುದ್ದಕ್ಕೂ ಆಕೆ ಅಳಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಮನೆಗೆ ಬಂದು ಅಲ್ಲಿಂದ ತಂದ ಖಾಲಿ ಚಾರ್ಟನ್ನು ಗೋಡೆಗೆ ಒರಗಿಸಿ, ಅದರ ಮುಂದೆ ಕುಳಿತುಬಿಟ್ಟಳು. ಮೇಲೆ ದೊಡ್ಡ ಅಕ್ಷರದಲ್ಲಿ ಪಶ್ಚಿಮ ಬಂಗಾಳ ಎಂದು ಬರೆದಿತ್ತು, ಕೆಳಗೆ ಏನೂ ಇರಲಿಲ್ಲ. ನಾನು ಉಣ್ಣುವಾಗಲೂ ಅದೇ ಕಣ್ಣಿಗೆ, ಕಸ ಹೊಡೆಯುವಾಗಲೂ ಅದೇ ಕಣ್ಣಿಗೆ. ಶಾಲೆ ಬಿಟ್ಟ ವರ್ಷ ನಾನೂ ಒಂದು ನಕ್ಷೆ ಅರ್ಧಕ್ಕೆ ಬಿಟ್ಟಿದ್ದೆ. ಗೆರೆ ಎಳೆದಿದ್ದೆ, ಬಣ್ಣ ತುಂಬಿರಲಿಲ್ಲ.

ಮೂರನೆಯ ದಿನ ನಮ್ಮ ಕಡೆಯ ತೂಬಿಗೆ ನೀರಿನ ಪಾಳಿ ಇರಲಿಲ್ಲ, ಗದ್ದೆ ಕೆಲಸ ನಿಂತಿತ್ತು. ಬುಟ್ಟಿಗೆ ಬಟ್ಟೆ ತುಂಬಿದೆ. ಕೆನಾಲಿಗೆ ಬಟ್ಟೆ ಒಗೆಯಲು ಹೋಗುವವಳನ್ನು ಯಾರೂ ಏನೂ ಕೇಳುವುದಿಲ್ಲ.

"ಏನೂ ಮಾತಾಡಬ್ಯಾಡ," ಎಂದೆ ಅಮೃತಾಳಿಗೆ. "ಹತ್ತ ಪ್ರಶ್ನೆ ಕೇಳೂದು, ಎದ್ದ ಬರೂದು."

"ಹ್ಞೂಂ," ಎಂದಳು. ಅವಳ ಹ್ಞೂಂ ಎಂಥದೆಂದು ಆಮೇಲೆ ಗೊತ್ತಾಯಿತು.

ಶೆಡ್ಡಿನ ಮುಂದೆ ಒಬ್ಬ ಆಲೂಗಡ್ಡೆ ಹೆಚ್ಚುತ್ತಿದ್ದ. ಉಳಿದವರು ಒಳಗೆ ಮಲಗಿದ್ದರು. ನಲವತ್ತರ ಸುಮಾರಿನ, ಸಣಕಲು ಮನುಷ್ಯ. ನಮ್ಮನ್ನು ಕಂಡು ಅವನೇ ಹೆದರಿದ. ಬೈಯಲು ಬಂದಿದ್ದೇವೆ ಎಂದುಕೊಂಡಿರಬೇಕು. ಹಣಮಮ್ಮ ದಂಡೆಯ ಆಚೆಯಿಂದ ಇಪ್ಪತ್ತು ದಿನವೂ ಬೈದಿದ್ದಳು. ಮಾತು ತಿಳಿಯದಿದ್ದರೂ ಬೈಗುಳ ಯಾರಿಗೂ ತಿಳಿಯುತ್ತದೆ.

ನಮ್ಮ ಓಣಿಯ ಖಾಜಾಹುಸೇನರ ಮನೆಯವರ ಜೊತೆ ಆಡಿ ಕಲಿತ ಉರ್ದು ಮಾತಿನಲ್ಲಿ, ಶಾಲೆಯ ಕೆಲಸ, ಹತ್ತು ಪ್ರಶ್ನೆ ಎಂದು ಹೇಳಿದೆ. ನಾನು ತಲೆ ಎತ್ತಲಿಲ್ಲ. ಅವನ ಹಿಂದಿ ಬೇರೆ ಥರ, ನನ್ನದು ಬೇರೆ ಥರ. ಆದರೂ ನಡೆಯಿತು. ಅವನ ಹೆಸರು ನಿತಾಯಿ ಮಂಡಲ್. ಊರು ಮಾಲ್ದಾದ ಕಡೆ.

"ರಾಜಧಾನಿ?"

"ಕೋಲ್ಕತ್ತಾ."

"ಹ್ಯಾಂಗೈತಿ ಕೇಳು ಅತ್ತಿ," ಎಂದಳು ಅಮೃತಾ. ಇದು ಹಾಳೆಯಲ್ಲಿ ಇರಲಿಲ್ಲ.

ಅವನು ರೈಲ್ವೆ ಸ್ಟೇಷನ್ ಮಾತ್ರ ನೋಡಿದ್ದನಂತೆ, ಅದು ಬಹಳ ದೊಡ್ಡದಂತೆ. ಅಮೃತಾ ಹಾಗೆಯೇ ಬರೆದುಕೊಂಡಳು. ಊಟ ಏನೆಂದರೆ ಅನ್ನ, ಬೆಳೆ ಏನೆಂದರೆ ಭತ್ತ. ಉಡುಪು ಏನೆಂದು ಕೇಳಿದಾಗ ಅವನು ತನ್ನ ಲುಂಗಿ ನೋಡಿಕೊಂಡ, ನಾನು ಕೆನಾಲಿನ ಕಡೆ ನೋಡಿದೆ. ನದಿ ಗಂಗಾ ಎಂದಾಗ ಮಾತ್ರ ಹುಡುಗಿ ಪೆನ್ನು ಬಿಟ್ಟು ಕುಣಿದಳು.

"ಗಂಗಾನೇ? ಖರೇ ಗಂಗಾ?"

ಅವನು ನಕ್ಕ. ಖರೇ ಗಂಗಾ. ಎರಡು ಸಲ ಅವನ ಮನೆಯನ್ನು ನುಂಗಿದೆಯಂತೆ. ದಂಡೆ ಕುಸಿಯುತ್ತದೆ, ಮನೆ ಹೋಗುತ್ತದೆ, ಹಿಂದೆ ಸರಿದು ಮತ್ತೆ ಕಟ್ಟುತ್ತಾರೆ. ಅದನ್ನು ಅವನು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಲೇ ಹೇಳಿದ. ಅಮೃತಾ ಬರೆದದ್ದನ್ನು ಓರೆಗಣ್ಣಿನಿಂದ ನೋಡಿದೆ: ನದಿ ಗಂಗಾ. ಅದು ಮನೆ ತಿನ್ನುತ್ತದೆ.

"ನಿಮ್ಮೂರಾಗ ಕೆನಾಲ ಐತೇನು ಕೇಳು ಅತ್ತಿ. ಪಾಳಿ ಮ್ಯಾಲೆ ನೀರ ಬಿಡ್ತಾರೇನು? ಇವರ ಹೆಂಡ್ರು ಯಾಕ ಬಂದಿಲ್ಲ? ಇಲ್ಲೀ ಸೊಳ್ಳಿ ದೊಡ್ಡವೋ ಅಲ್ಲೀವು ದೊಡ್ಡವೋ?"

"ಹತ್ತ ಪ್ರಶ್ನೆ ಅಂದಿದ್ದೆ."

"ಇದು ಆರನೇದರ ಒಳಗಿನ ಪ್ರಶ್ನೆ ಅತ್ತಿ."

ಇಂಥ ಆರು ಒಳಗಿನ ಪ್ರಶ್ನೆಗಳಾದವು. ದಂಡೆಯ ಮೇಲೆ ಸೈಕಲ್ ಸದ್ದಾದಾಗೆಲ್ಲ ನಾನು ಬುಟ್ಟಿಯ ಬಟ್ಟೆ ಸರಿಮಾಡಿದೆ. ಆಮೇಲೆ ಒಂಬತ್ತನೆಯದು ಬಂತು. ನಾಟಿ ಮಾಡುವಾಗ ನೀವು ಹಾಡುವ ಹಾಡು ಯಾವುದು ಎಂದು ಕೇಳಿಸಿದಳು. ನಿತಾಯಿ ನಾಚಿದ. ಒಳಗೆ ಮಲಗಿದ್ದವನೊಬ್ಬ ಎದ್ದು ಬಂದ. ಇಬ್ಬರೂ ಏನೋ ಮಾತಾಡಿ ನಕ್ಕರು. ನಂತರ ಕೈ ತಟ್ಟಿಕೊಂಡು ಹಾಡಿದರು.

ಮೊದಲ ಸಾಲಿಗೇ ಗುರುತು ಹಿಡಿದೆ. ಅದು ಬಂಗಾಳದ ಹಾಡಲ್ಲ. ಅದು ಹಣಮಮ್ಮನ ಹಾಡು.

ಹಣಮಮ್ಮ ಗದ್ದೆಯಲ್ಲಿ ನಿಂತ ನಿಂತಲ್ಲೇ ಹಾಡು ಕಟ್ಟುತ್ತಾಳೆ. ಸಾಹುಕಾರರು ನಮ್ಮ ಕೆಲಸವನ್ನು ಅರ್ಧಕ್ಕೆ ಇಳಿಸಿದ ಮೇಲೆ ಅವರ ಮೇಲೆಯೇ ಒಂದು ಕಟ್ಟಿದ್ದಳು. ಅವರು ಬದುವಿನ ಮೇಲೆ ಇಲ್ಲದಾಗ ಮಾತ್ರ ಅದನ್ನು ಹಾಡುತ್ತಿದ್ದೆವು.

ತೂಬಿನ ನೀರೆಲ್ಲ ತಾನ ಕುಡದಾನ,
ಹೊಟ್ಟಿ ನೋಡ ತಂಗಿ ಕೆರಿಯಂಗ,
ಬದುವಿನ ಮ್ಯಾಲ ಬಂದು ನಿಂತಾನ,
ನೆರಳು ಬಿತ್ತ ಎಂಟು ಎಕರೆಕ್ಕ.

ಆಚೆ ದಂಡೆಯ ಗದ್ದೆಯಲ್ಲಿ ಇವರು ಇಪ್ಪತ್ತು ದಿನ ಅದನ್ನು ಕೇಳಿದ್ದಾರೆ. ಅರ್ಥ ತಿಳಿಯದೆ ಕಲಿತಿದ್ದಾರೆ. ಮಾತುಗಳೆಲ್ಲ ಅವರ ಬಾಯಲ್ಲಿ ಉರುಟಾಗಿ, ಕನ್ನಡವೆಂದೇ ತಿಳಿಯದ ಹಾಗಾಗಿದ್ದವು. ಧಾಟಿ ಮಾತ್ರ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಅಮೃತಾ ಗದ್ದೆಗೆ ಬಂದವಳಲ್ಲ, ಆ ಹಾಡು ಕೇಳಿದವಳಲ್ಲ. ಕಿವಿಗೆ ಬಿದ್ದ ಹಾಗೆ ಬೇರೆ ಕಾಗದದ ಮೇಲೆ ಬರೆಯುತ್ತಲೇ ಇದ್ದಳು.

ಸಹಿಗೆ ಬಂದಾಗ ನಿತಾಯಿ ತನ್ನ ಬಂಗಾಳಿ ಅಕ್ಷರದಲ್ಲಿ ನಿಧಾನಕ್ಕೆ ಬರೆದ, ಮೇಲೊಂದು ಉದ್ದ ಗೆರೆ ಎಳೆದ. ಎರಡನೆಯ ಗೆರೆಯ ಮುಂದೆ ಹುಡುಗಿ ನನ್ನ ಕೈಗೆ ಪೆನ್ನು ಕೊಟ್ಟಳು. ಹಾಳೆ ಸರ್ ಅವರ ಕಟ್ಟಿನಲ್ಲಿ ಇರುತ್ತದೆ, ಯಾರು ನೋಡುತ್ತಾರೆ ಎಂದುಕೊಂಡು ಮೋನಮ್ಮ ಎಂದು ನನ್ನ ಹೆಸರನ್ನೇ ಬರೆದು ಸಹಿ ಮಾಡಿದೆ.

ದಾರಿಯಲ್ಲಿ ಹೇಳಿದೆ, "ಆ ಒಂಬತ್ತನೇದ ಖಾಲಿ ಬಿಡು."

"ಯಾಕ?"

ಯಾಕೆಂದು ಹೇಳಿದರೆ ಇವಳು ಸಾಹುಕಾರರ ಮುಂದೆಯೇ ಹೇಳಿಯಾಳು. "ಅದು ಅವರ ಹಾಡಲ್ಲ."

"ಅವರೇ ಹಾಡಿದ್ರಲ್ಲ? ನಟ್ಟಿ ಹಚ್ಚೋವಾಗ ಅದೇ ಹಾಡ್ತೀವಂದ್ರಲ್ಲ?"

"ಬರಿಬ್ಯಾಡ ಅಂದ್ರ ಬರಿಬ್ಯಾಡ."

"ಹ್ಞೂಂ," ಎಂದಳು.

ಮನೆ ಹತ್ತಿರ ಬಂದ ಮೇಲೆ ನೆನಪಾಯಿತು, ಬಟ್ಟೆ ಒಗೆದೇ ಇರಲಿಲ್ಲ. ಮತ್ತೆ ತಿರುಗಿ ಹೋಗಿ ಎಲ್ಲವನ್ನೂ ಒದ್ದೆ ಮಾಡಿಕೊಂಡು ಬಂದೆ.

ಆಗಸ್ಟ್ ಹದಿನೈದರ ಬೆಳಿಗ್ಗೆ ಊರೆಲ್ಲ ಶಾಲೆಯ ಅಂಗಳದಲ್ಲಿತ್ತು. ಧ್ವಜ ಏರಿಸಿ ಲಾಡು ಹಂಚುವ ಆ ದಿನ ಗದ್ದೆ ಕೆಲಸಕ್ಕೆ ಬಿಡುವು, ಹಾಗಾಗಿ ನಮ್ಮ ಗ್ಯಾಂಗೂ ಗೋಡೆಯ ಪಕ್ಕ ಸಾಲಾಗಿ ಕುಳಿತಿತ್ತು. ಹಣಮಮ್ಮ ನಡುವೆ, ನಾನು ಒಳಮೂಲೆಯ ತುದಿಗೆ. ಎದುರಿನ ಕುರ್ಚಿಯಲ್ಲಿ ವೆಂಕಟಪ್ಪ ಸಾಹುಕಾರರು. ಶಾಲೆಯ ಸಮಿತಿಗೆ ಅವರೇ ಅಧ್ಯಕ್ಷರು. ಹೊಸ ಬಿಳಿ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದು ನಿಂತಿದ್ದವು.

ಚಾರ್ಟುಗಳನ್ನು ಗೋಡೆಗೆ ತೂಗುಹಾಕುತ್ತಾರೆ ಎಂದಷ್ಟೇ ತಿಳಿದಿದ್ದೆ. ಸರ್ ಮೈಕು ತಂದರು. "ನಮ್ಮ ಮಕ್ಕಳು ತಾವು ಸಂಗ್ರಹಿಸಿದ ಮಾಹಿತಿಯನ್ನು ಈಗ ತಾವೇ ಓದುತ್ತಾರೆ," ಎಂದರು. ನಾನು ಎದ್ದು ಹೋಗಬೇಕೆಂದರೆ ಹದಿನೇಳು ಮಂದಿಯ ಕಾಲು ದಾಟಿ ಹೋಗಬೇಕಿತ್ತು.

ಗೋವಾ ಸಿಕ್ಕ ಹುಡುಗ ಮೊದಲು ಬಂದ. "ಗೋವಾದ ಮುಖ್ಯ ಬೆಳೆ ಸಿಮೆಂಟು," ಎಂದು ಓದಿದ. ಅಪ್ಪನನ್ನು ಕೇಳಿ ಬರೆದಿದ್ದ. ಸರ್ ಕಣ್ಣು ಮುಚ್ಚಿಕೊಂಡರು. ಹೊಸ ಕಾಯಿದೆಯ ಫಲ ಅವರಿಗೂ ಬಡಿಯಿತಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು.

ಐದನೆಯವಳಾಗಿ ಅಮೃತಾ ಬಂದಳು. ಗಂಗಾ ಮನೆ ತಿನ್ನುವುದನ್ನು ಓದಿದಾಗ ಗೋಡೆಯ ಪಕ್ಕದ ಹೆಂಗಸರು "ಅಯ್ಯ ಯವ್ವಾ" ಎಂದರು. ಹತ್ತನೆಯದು, ನಮ್ಮೂರಿಗೂ ಬಂಗಾಳಕ್ಕೂ ಸಂಬಂಧ: "ಅಲ್ಲಿಯೂ ಭತ್ತ ಹಚ್ಚುತ್ತಾರೆ, ಇಲ್ಲಿಯೂ ಹಚ್ಚುತ್ತಾರೆ. ಹಚ್ಚುವವರಿಗೆ ಅಲ್ಲಿಯೂ ಹೊಲ ಇಲ್ಲ, ಇಲ್ಲಿಯೂ ಇಲ್ಲ." ಇದನ್ನು ಆಕೆ ಯಾವಾಗ ಬರೆದಳೋ. ಕುರ್ಚಿಗಳ ಕಡೆ ಯಾರೋ ಕೆಮ್ಮಿದರು.

ನಂತರ, ಒಂದು ಅಕ್ಷರವೂ ಬಿಡದೆ, "ಮಾಹಿತಿ ಕೊಟ್ಟವರು ಕೆನಾಲ್ ಶೆಡ್ಡಿನ ನಿತಾಯಿ ಮಂಡಲ್. ನನ್ನ ಜೊತೆ ಹೋದವರು ನಮ್ಮ ಅತ್ತೆ ಮೋನಮ್ಮ," ಎಂದಳು. ಮೈಕು ಮೋನಮ್ಮ ಎನ್ನುವುದನ್ನು ಎರಡು ಸಲ ಹೇಳಿತು.

ಹದಿನೇಳು ತಲೆಗಳು ತಿರುಗಿದವು. ಹಣಮಮ್ಮನದು ಎಲ್ಲಕ್ಕಿಂತ ಕೊನೆಗೆ, ಬಹಳ ನಿಧಾನಕ್ಕೆ. ನಾನು ನನ್ನ ಕಾಲ್ಬೆರಳು ನೋಡುತ್ತಾ ಕುಳಿತೆ.

"ಒಂಬತ್ತನೆಯದನ್ನು ಕೊನೆಗೆ ಇಟ್ಟಿದ್ದೇನೆ," ಎಂದಳು ಅಮೃತಾ. "ಅದು ಹಾಡು."

ಹಾಡಿದಳು. ಹುಡುಗಿಯ ದನಿ ಚೆನ್ನಾಗಿದೆ, ಅದೇ ಅನ್ಯಾಯ. ನಿತಾಯಿ ಹಾಡಿದ ಹಾಗೆಯೇ, ಮಾತುಗಳೆಲ್ಲ ಉರುಟಾಗಿ, ಕೈ ತಟ್ಟಿಕೊಂಡು. ಎರಡನೆಯ ಸಾಲಿಗೆ ನನ್ನ ಪಕ್ಕದ ದೇವಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂರನೆಯ ಸಾಲಿಗೆ ಇಡೀ ಗ್ಯಾಂಗು ತಲೆ ತಗ್ಗಿಸಿ ಅಲುಗಾಡತೊಡಗಿತು. ಹಣಮಮ್ಮನ ಮುಖ ನೋಡಿದೆ. ಅವಳ ಬಣ್ಣ ಇಳಿದಿತ್ತು. ಸಾಹುಕಾರರಿಗೆ ತಿಳಿದರೆ ಉಳಿದ ಅರ್ಧ ಹೊಲವೂ ಶೆಡ್ಡಿನವರ ಪಾಲು, ಹದಿನೆಂಟು ಮಂದಿಯೂ ಮನೆಯಲ್ಲಿ. ಅದು ನನಗೆ ಆಗ ಹೊಳೆಯಿತು. ನನ್ನ ಒಂದು ಜಾಗ ಹೋಗುವುದಷ್ಟೇ ಅಲ್ಲ.

ಹಾಡು ಮುಗಿಯಿತು.

ಸಾಹುಕಾರರು ಕುರ್ಚಿಯಿಂದ ಮುಂದೆ ಬಗ್ಗಿದರು. ಹೊಟ್ಟೆ ಅಡ್ಡ ಬಂದು ಮತ್ತೆ ಹಿಂದೆ ಸರಿದರು. ಚಪ್ಪಾಳೆ ತಟ್ಟಿದರು. "ಭಪ್ಪರೇ ಹುಡುಗಿ! ಭಾಳ ಚಂದ ಐತಿ ನೋಡ್ರಿ ಬಂಗಾಲದ ಹಾಡು. ಏನ್ ಧಾಟಿ! ನಮ್ಮ ಮಂದಿಗಿ ಇಂಥಾದ್ದ ಬರಂಗಿಲ್ಲ." ಬಂಗಾಳದ್ದು ಎಂದು ಮೊದಲೇ ಹೇಳಿಬಿಟ್ಟರೆ ಯಾರ ಕಿವಿಯೂ ಅದರಲ್ಲಿ ತನ್ನ ಹೊಟ್ಟೆ ಹುಡುಕುವುದಿಲ್ಲ. ಅಮೃತಾಳಿಗೆ ಎರಡು ಲಾಡು ಸಿಕ್ಕವು. ಒಂದನ್ನು ನನಗೆ ತಂದು ಕೊಟ್ಟಳು. ನಾನು ತಿನ್ನಲಿಲ್ಲ.

"ಖಾಲಿ ಬಿಡು ಅಂದಿದ್ನೆಲ್ಲ?"

"ಹಾಳ್ಯಾಗ ಖಾಲಿನೇ ಬಿಟ್ಟೀನಿ ಅತ್ತಿ," ಎಂದಳು. "ನೀ ಬರಿಬ್ಯಾಡ ಅಂದಿದ್ದಿ. ಹಾಡಬ್ಯಾಡ ಅಂದಿಲ್ಲ."

ಮರುದಿನ ಬೆಳಿಗ್ಗೆ ಗದ್ದೆಗೆ ಹೋಗುವ ಟಂಟಂನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಆದರೆ ಹತ್ತಬೇಡ ಎಂದೂ ಅನ್ನಲಿಲ್ಲ. ಗದ್ದೆಯ ಹತ್ತಿರ ಇಳಿದಾಗ ಹಣಮಮ್ಮ ಎಲೆ ಅಡಿಕೆ ಉಗುಳಿ, "ದೇವಕಿ, ನೀ ಬದುವಿಗಿ ನಿಂದ್ರು," ಎಂದಳು. ನನ್ನ ಕಡೆ ನೋಡಲಿಲ್ಲ. "ಬಂಗಾಳಕ್ಕ ಹೋಗಿ ಬಂದಾಕಿ ನಡುವ ಬಗ್ಗಲಿ. ದಣದಿರ್ತಾಳ."

ನಡುವೆ ಬಗ್ಗಿದೆ. ಆರು ವರ್ಷ ಬಗ್ಗಿದ ಜಾಗವೇ. ಆದರೆ ಈಗ ಅಲ್ಲಿ ನನ್ನ ಕಾಲು ಹೊಂದಲಿಲ್ಲ. ದೇವಕಮ್ಮ ಒಳ್ಳೆಯವಳು, ಮಾತಿನವಳು. ಮಾತಾಡುವಾಗ ಕೈ ಎಡಕ್ಕೆ ಹೋಗುತ್ತದೆ. ಒಂದು ಗಂಟೆಯೊಳಗೆ ಸಾಲು ಹಾವು ಹರಿದ ಹಾಗಾಯಿತು. ಹಣಮಮ್ಮ ನೆಟ್ಟಗೆ ನಿಂತು ಅದನ್ನು ನೋಡಿದಳು, ಮತ್ತೆ ಬಗ್ಗಿದಳು.

"ಮೋನವ್ವ," ಎಂದಳು ನನ್ನ ಹಿಂದಿನವಳು ಸಣ್ಣಗೆ, "ಖರೇನೇ ಗಂಗಾ ಮನಿ ನುಂಗ್ತೈತೇನು?"

"ಅಂಗಂದ."

"ಅವರ ಹೆಂಡ್ರು ಯಾಕ ಬಂದಿಲ್ಲಂತ?" ಎಂದಳು ಇನ್ನೊಬ್ಬಳು.

"ಸುಮ್ನ ಬಗ್ಗರಿ!" ಎಂದಳು ಹಣಮಮ್ಮ. ಒಂದಿಷ್ಟು ಸಸಿ ಹಚ್ಚಿದ ಮೇಲೆ, ಅವಳೇ, ಯಾರನ್ನೂ ನೋಡದೆ, "ಯಾಕಂತ?" ಎಂದಳು.

"ಅಲ್ಲಿ ಅವರು ಹಚ್ಚಾಕತ್ತಾರಂತ," ಎಂದೆ. "ಬ್ಯಾರೇವರ ಹೊಲಾ."

ಹಣಮಮ್ಮ ಸಸಿಯ ಇನ್ನೊಂದು ಕಟ್ಟು ಬಿಚ್ಚಿದಳು.

ಬಿಸಿಲು ಏರಿದಾಗ ಸಾಹುಕಾರರು ಬದುವಿನ ಮೇಲೆ ಬಂದು ನಿಂತರು. ಅವರ ನೆರಳು ನೀರಿನ ಮೇಲೆ ಬಿತ್ತು. ಸಾಲಿನಲ್ಲಿ ಯಾರೋ ಕೆಮ್ಮಿದ ಹಾಗೆ ಮಾಡಿದರು.

"ಹಣಮವ್ವ, ಸಾಲ ಯಾಕ ಸೊಟ್ಟ ಹೊಂಟೈತಿ?"

"ಗಾಳಿ ಐತ್ರಿ ಸಾವ್ಕಾರ."

"ಗಾಳಿ!" ಎಂದರು. "ಅಲ್ಲಬೇ, ನಿನ್ನಿ ಆ ಹುಡುಗಿ ಹಾಡಿತಲ್ಲ, ಆ ಬಂಗಾಲದ ಹಾಡು. ಅದನ್ನ ನೀವೂ ಕಲೀರಿ. ಕೆಲಸ ಹಗುರ ಆಗ್ತೈತಿ."

"ನಮಗೆಲ್ಲಿ ಬರ್ತೈತ್ರಿ, ಅಷ್ಟು ದೂರದ ಹಾಡು." ಹಣಮಮ್ಮ ಈಗ ನೆಟ್ಟಗೆ ನಿಂತು ಮೊದಲ ಸಲ ನನ್ನ ಕಡೆ ನೋಡಿದಳು. "ನಮ್ಮ ಮೋನವ್ವಗ ಬರ್ತೈತ್ರಿ. ಆಕಿ ಹೋಗಿ ಕಲತ ಬಂದಾಳ. ಹಾಡವ್ವ.... ಸಾವ್ಕಾರ ಕೇಳಾಕತ್ತಾರಲ್ಲ?"

ಕೆಸರಿನಲ್ಲಿ ಹುಗಿದುಹೋಗುವ ಹಾಗಿದ್ದರೆ ಹೋಗುತ್ತಿದ್ದೆ. ಹದಿನೇಳು ಮಂದಿ ಬಗ್ಗಿದ ಕಡೆಯೇ ಕಾಯುತ್ತಿದ್ದರು. ಸಾಹುಕಾರರು ಕಿವಿಯ ಹಿಂದೆ ಕೈ ಇಟ್ಟಿದ್ದರು. ಆರು ವರ್ಷ ಬರೀ ತುಟಿ ಆಡಿಸಿದ್ದೆ. ನನ್ನ ದನಿ ಎಷ್ಟು ಎತ್ತರ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಸಸಿಯ ಕಟ್ಟು ಎದೆಗೆ ಹಿಡಿದು, ನಿತಾಯಿ ಹಾಡಿದ ಹಾಗೆ, ಮಾತುಗಳನ್ನು ಉರುಟು ಮಾಡಿ ಮೊದಲ ಸಾಲು ಹೇಳಿದೆ. ಎರಡನೆಯ ಸಾಲನ್ನು ಹಣಮಮ್ಮ ಎತ್ತಿಕೊಂಡಳು, ಅದೇ ಉರುಟು ಮಾತಿನಲ್ಲಿ, ಹುಟ್ಟಿದಾಗಿನಿಂದ ಬಂಗಾಳದವಳೇ ಎನ್ನುವ ಹಾಗೆ. ಮೂರನೆಯದಕ್ಕೆ ಎಲ್ಲರೂ ಸೇರಿದರು. ಆಚೆ ದಂಡೆಯ ಗದ್ದೆಯಲ್ಲಿ ಬಗ್ಗಿದ್ದ ಗಂಡಸರು ತಲೆ ಎತ್ತಿ ನೋಡಿದರು. ನಾಲ್ಕನೆಯ ಸಾಲು ಆ ಕಡೆಯಿಂದಲೂ ಬಂತು.

ಸಾಹುಕಾರರು ತಲೆದೂಗುತ್ತಾ ಕೇಳಿ, "ನೋಡು, ಎಷ್ಟ ಲಗೂ ಬಂತು!" ಎಂದು ಖುಷಿಯಿಂದ ಹೊರಟರು. ಅವರು ಹುಣಸೆ ಮರ ದಾಟುವ ತನಕ ಯಾರೂ ನಗಲಿಲ್ಲ. ದಾಟಿದ ಮೇಲೆ ದೇವಕಮ್ಮ ನೀರಿನಲ್ಲಿಯೇ ಕುಳಿತುಬಿಟ್ಟಳು.

ಹಣಮಮ್ಮ ನಗಲಿಲ್ಲ. ಕೆಸರಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ನನ್ನ ಹತ್ತಿರ ಬಂದಳು. ಬೆಳಿಗ್ಗೆಯಿಂದ ಹಚ್ಚಿದ ಡೊಂಕು ಸಾಲನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ನಾಳಿಂದ ಬದುವಿಗಿ ನಿಂದ್ರು," ಎಂದಳು. "ಇವತ್ತ ಬ್ಯಾಡ. ಇವತ್ತ ನನಗಿನ್ನಾ ಸಿಟ್ಟ ಐತಿ."